ವಾಶರಿಗೊಂದು ಭೂಮಿಪೂಜೆ

ನಮ್ಮ ಕಡೆ ನೀರು ಬರುವುದಿಲ್ಲ, 'ನಳಾ' ಬರುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಎಲ್ಲಿ ಬೇಕಾದರೂ ಕೇಳಿ ನೋಡ್ರಿ. ಅದು ಬರುವುದು ಬೀಗರು ಬಂದ ಹಾಗೆ. ಹೇಳಿ ಬರುವುದಿಲ್ಲ, ಬಂದರೆ ಮನೆಮಂದಿಯನ್ನೆಲ್ಲ ಎಬ್ಬಿಸದೆ ಬಿಡುವುದಿಲ್ಲ, ನಾಲ್ಕು ಕೊಡ ತುಂಬುವಷ್ಟರಲ್ಲಿ ಎದ್ದು ಹೊರಟಿರುತ್ತದೆ. ಮೊದಲು ಕೆಮ್ಮು, ಆಮೇಲೆ ಗಾಳಿ, ಆಮೇಲೆ ಚಹಾ ಬಣ್ಣದ ನೀರು. ಎರಡು ಕೊಡ ಗಟಾರಕ್ಕೆ ಚೆಲ್ಲಿ ಮೂರನೆಯದನ್ನು ಹಿಡಿಯಬೇಕು.

ಚೆಲ್ಲಿದ್ದು ಹಾಳಾಯಿತೆಂದು ಮರುಗಬೇಡಿ, ತಿರುಗಿ ಬರುತ್ತದೆ. ನಳಾ ನಿಂತ ಮೇಲೆ ಖಾಲಿ ಪೈಪು ಸುತ್ತಲಿದ್ದುದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಪೈಪು ಹಾದದ್ದು ಗಟಾರದ ಅಡಿಗೆ. ಅದರ ಜಾಯಿಂಟಿನ ವಾಶರ್ ಸವೆದದ್ದು ಯಾವ ಕಾಲದಲ್ಲೋ. ನೀರು ಸರಬರಾಜು, ಒಳಚರಂಡಿ ಎರಡನ್ನೂ ಒಂದೇ ಪೈಪಿನಲ್ಲಿ ಮುಗಿಸಿದ ಜಾಣರು ನಾವು.

ವಾಶರ್ ಬದಲಿಸಬಾರದೇ ಎಂದೀರಿ. ಹೊಸ ಟಾಕಿಗಾದರೆ ಭೂಮಿಪೂಜೆ ಇದೆ, ಶಾಲು ಇದೆ, ಕಲ್ಲಿನ ಮೇಲೆ ಹೆಸರಿದೆ. ವಾಶರಿನ ಮೇಲೆ ಎಷ್ಟು ಮಂದಿಯ ಹೆಸರು ಕೆತ್ತಲಾದೀತು?

ನಮ್ಮ ಓಣಿಗೆ ನೀರು ಬಿಡುವ ಕಾಕಾ ಒಬ್ಬರಿದ್ದರು. ಯಾವ ಪೈಪು ಯಾರ ಕಟ್ಟೆಯ ಕೆಳಗೆ ಹೊರಳುತ್ತದೆ ಎಂಬುದು ಅವರ ತಲೆಯಲ್ಲಿ ಮಾತ್ರ ಇತ್ತು. ಅವರು ರಿಟೈರ್ ಆದರು, ನಕ್ಷೆಯೂ ರಿಟೈರ್ ಆಯಿತು. ಮೊನ್ನೆ ಒಳಚರಂಡಿಗೆಂದು ಹೊಸ ಕಾಂಕ್ರೀಟ್ ರಸ್ತೆ ಅಗೆಯಲು ಬಂದ ಜೆಸಿಬಿ ಹುಡುಗ ಅವರನ್ನೇ ಕೇಳಿದ:

'ಕಾಕಾ, ಇಲ್ಲಿ ಪೈಪ್ ಐತೇನ್ರಿ?'

'ಈಗ ಇಲ್ಲ ಬಿಡೋ ತಮ್ಮಾ.'

ಕಾರಂಜಿ ಆಗಲೇ ಎದ್ದಿತ್ತು. ನಿಪ್ಪಾಣಿ ಕರ್ನಾಟಕದ್ದೋ ಮಹಾರಾಷ್ಟ್ರದ್ದೋ ಎಂದು 1967ರ ಮಹಾಜನ ವರದಿ ಹಿಡಿದು ವಾದಿಸುವವರು ಓಣಿಗೆ ಹತ್ತು ಮಂದಿ ಸಿಗುತ್ತಾರೆ. ಕಾಲಡಿಯ ಪೈಪು ಎತ್ತ ಹೋಗಿದೆ ಎಂದರೆ ಗಡಿ ದಾಟಿ ಓಡುತ್ತಾರೆ.

ನೀರು ಸರಬರಾಜಿಗೆಂದು ದಿಲ್ಲಿ 1999ರಲ್ಲಿ ತಂದ ಕೈಪಿಡಿ ಇನ್ನೂ ಮಜಾ. ಅದರ ಪ್ರಕಾರ ಒಳಚರಂಡಿ ಇದ್ದ ಊರಿನವನಿಗೆ ದಿನಕ್ಕೆ 135 ಲೀಟರು, ಇಲ್ಲದ ಊರಿನವನಿಗೆ 70 ಎಂದಿತ್ತು. ಅಂದರೆ ಕೊಳೆ ಸಾಗಿಸಲು ವ್ಯವಸ್ಥೆ ಇದ್ದವನಿಗಷ್ಟೇ ಮನಸಾರೆ ಸ್ನಾನ. ಆಗಲಿ, 70ರ ಲೆಕ್ಕವನ್ನೇ ಹಿಡಿಯೋಣ. ಹಗಲಿರುಳು ನೀರಿರುವ ದೊಡ್ಡ ಪೈಪಿನಲ್ಲಿ ನಿಮಿಷಕ್ಕೆ ಒಂದೇ ಲೀಟರು ಸೋರುವ ಜಾಯಿಂಟು ದಿನಕ್ಕೆ 1,440 ಲೀಟರು ಕುಡಿಯುತ್ತದೆ, 20 ಜನರ ಪಾಲು. ಆ ಜಾಯಿಂಟಿಗೆ ರೇಷನ್ ಕಾರ್ಡ್ ಒಂದೇ ಬಾಕಿ.

ಬೇಸಿಗೆ ಬಂದರೆ ಕೊಯ್ನಾ, ವಾರಣಾ ಜಲಾಶಯಗಳಿಂದ ಇಷ್ಟು ಟಿಎಂಸಿ ಬಿಡಿ ಎಂದು ಮಹಾರಾಷ್ಟ್ರಕ್ಕೆ ಪತ್ರ ಹೋಗುತ್ತದೆ. ಒಂದು ಟಿಎಂಸಿ ಎಂದರೆ ಸುಮಾರು 2,830 ಕೋಟಿ ಲೀಟರು. ಅಷ್ಟು ಸೊನ್ನೆ ಬರೆಯಬಲ್ಲ ನಮಗೆ ಆ ಒಂದು ಲೀಟರು ಕಣ್ಣಿಗೆ ಬೀಳುವುದಿಲ್ಲ. ಮಳೆಗಾಲದ ಪಾಡು ಬೇರೆ. 2019ರ ನೆರೆಯಲ್ಲಿ ಪಂಪುಗಳು ಮುಳುಗಿ, ಸುತ್ತ ಸಮುದ್ರದಂಥ ನೀರಿದ್ದೂ ಗಡಿಯಾಚೆಯ ಕೊಲ್ಹಾಪುರದ ಜನ ಟ್ಯಾಂಕರ್ ಕಾದರು.

ಮಹಾರಾಷ್ಟ್ರದ ಇಚಲಕರಂಜಿಯ ಹೊಲಸು ಪಂಚಗಂಗೆಗೆ ಬಿದ್ದು, ನರಸೋಬಾವಾಡಿಯಲ್ಲಿ ಕೃಷ್ಣೆ ಸೇರಿ ನಮ್ಮ ಕಡೆ ಇಳಿಯುತ್ತದೆ ಎಂದು ನಾವು ಬೈಯುತ್ತೇವೆ. ಬೈಯಲೇಬೇಕು. ನಮ್ಮ ಹಳ್ಳಗಳು ಹೊತ್ತದ್ದೂ ವೇದಗಂಗೆ, ದೂಧಗಂಗೆ, ಕೃಷ್ಣೆ ಹಿಡಿದು ಹಿಪ್ಪರಗಿ ಬ್ಯಾರೇಜಿಗೆ ಹೋಗುತ್ತದೆ. ಅಲ್ಲಿನ ಜಮಖಂಡಿಯವರು ಯಾರನ್ನು ಬೈಯುತ್ತಾರೋ ನಾವು ಕೇಳಲು ಹೋಗಿಲ್ಲ.

ನಿಪ್ಪಾಣಿಯಿಂದ ಹೆದ್ದಾರಿ ಹಿಡಿದರೆ ಬೆಳಗಾವಿ. ಅಲ್ಲಿನ ಕೆಲವು ವಾರ್ಡುಗಳಲ್ಲಿ 2008ರಲ್ಲೇ 24 ತಾಸು ನೀರು ಹರಿಯಿತು. ಅದಕ್ಕಾಗಿ ಯಾರೂ ಹೊಸ ನದಿ ತಂದಿರಲಿಲ್ಲ. ಹಳೇ ಪೈಪಿನ ಬದಲು ಹೊಸದು ಹಾಕಿ, ಮನೆಮನೆಗೆ ಮೀಟರ್ ಕೂರಿಸಿದ್ದರು. ಪೈಪು ತುಂಬಿಯೇ ಇದ್ದರೆ ಗಟಾರಕ್ಕೆ ಒಳಗೆ ಜಾಗ ಸಿಗುವುದಿಲ್ಲ.

ಆದ್ದರಿಂದ ನಮ್ಮ ಐದೂ ಊರಿನ ಮುಖಂಡರಲ್ಲಿ ವಿನಂತಿ. ವಾಶರಿಗೂ ಒಂದು ಭೂಮಿಪೂಜೆ ಇಟ್ಟುಕೊಳ್ಳಿರಿ. ಗುಂಡಿ ಆಗಲೇ ಬಿದ್ದಿದೆ, ತೆಂಗಿನಕಾಯಿ ನಾವು ತರುತ್ತೇವೆ. ನಸುಕಿನ ಐದಕ್ಕೇ ಬರಬೇಕು. ಆರಕ್ಕೆ ನಳಾ ಹೋಗುತ್ತದೆ.