ನಾಲ್ಕೂ ಚಕ್ರ ಎಳೆಯುತ್ತವೆ, ನಿಲ್ಲಿಸುವವರು ಯಾರು?

ಆಲ್ಪ್ಸ್ ಬೆಟ್ಟದ ಹಿಮಕ್ಕೆ ಓದು ಬರಹ ಬರುವುದಿಲ್ಲ. ಪೋರ್ಷೆಯ ಬೆನ್ನ ಮೇಲೆ ‘ಕರೇರಾ 4ಎಸ್’ ಎಂದೋ ಆಡಿಯ ಬೆನ್ನ ಮೇಲೆ ‘ಕ್ವಾಟ್ರೊ’ ಎಂದೋ ಫಳಫಳ ಹೊಳೆಯುವ ಅಕ್ಷರವಿದ್ದರೂ ಅದು ಓದಿ, ಮರ್ಯಾದೆ ಕೊಟ್ಟು, ಪಕ್ಕಕ್ಕೆ ಸರಿದು ದಾರಿ ಬಿಡುವುದಿಲ್ಲ. ಇಂಥ ಕಾರು ಕಂಡರೆ ದೊಡ್ಡ ಹೋಟೆಲಿನ ಬಾಗಿಲು ಕಾಯುವವನು ಓಡಿ ಬರುತ್ತಾನೆ, ಬ್ಯಾಂಕಿನ ಮ್ಯಾನೇಜರು ಕುರ್ಚಿ ಬಿಟ್ಟು ಏಳುತ್ತಾನೆ. ಹಿಮ ಮಾತ್ರ ಬಿದ್ದಲ್ಲೇ ಬಿದ್ದಿರುತ್ತದೆ. ಎಷ್ಟು ಸೊಕ್ಕು ನೋಡಿ.

ಪ್ರತಿ ಡಿಸೆಂಬರಿನಲ್ಲೂ ಇಂಥ ಕಾರುಗಳ ಯಾತ್ರೆ ಬೆಟ್ಟದ ಹಿಮದೂರುಗಳಿಗೆ ಹೊರಡುತ್ತದೆ. ಮ್ಯೂನಿಕ್‌ನವರು ಕಿಟ್ಸ್‌ಬ್ಯೂಲ್‌ಗೆ, ಜ್ಯೂರಿಕ್‌ನವರು ಜೂಲಿಯರ್ ಘಾಟಿ ಹತ್ತಿ ಸೇಂಟ್ ಮೊರಿಟ್ಸ್‌ಗೆ. ಯಾತ್ರಿಕರ ವಾಹನ ನೆಲಕ್ಕೆ ಅಂಟಿಕೊಂಡಂತಿರುತ್ತದೆ. ಹೊಟ್ಟೆಗೂ ರಸ್ತೆಗೂ ನಡುವೆ ಅರ್ಧ ಗೇಣು ಜಾಗ. ಒಂದು ಗೇಣು ಹಿಮ ಬಿದ್ದಿತೆಂದರೆ ಮುಂದಿನ ಬಂಪರು ಪುಕ್ಕಟೆಯಾಗಿ ಪಂಚಾಯ್ತಿಯ ಕೆಲಸ ಮಾಡುತ್ತಾ, ಹಿಮ ಬಾಚಿಕೊಂಡು ಹೋಗುತ್ತದೆ. ಹಿಂದಿನ ಟೈರಿನ ಅಗಲ 305 ಮಿಲಿಮೀಟರ್. ಬೇಸಿಗೆಯ ಹೆದ್ದಾರಿಯಲ್ಲಿ ಅದು ರಸ್ತೆಯನ್ನು ಕಚ್ಚಿ ಹಿಡಿಯುತ್ತದೆ. ಹಿಮದಲ್ಲಿ ಅದೇ ಅಗಲವೇ ವೈರಿ. ಕಿರಿದಾದ ಟೈರು ಹಿಮ ಸೀಳಿಕೊಂಡು ಕೆಳಗಿನ ನೆಲ ಮುಟ್ಟಲು ನೋಡಿದರೆ, ಇದು ಹಿಮದ ಮೇಲೆ ಚಾಪೆ ಹಾಸಿ ಕೂರುತ್ತದೆ. ಅದೂ ಬೇಸಿಗೆಯ ಟೈರಾಗಿದ್ದರೆ ಮುಗಿದೇ ಹೋಯಿತು. 7 ಡಿಗ್ರಿಗಿಂತ ಚಳಿ ಇಳಿದಂತೆಲ್ಲ ಅದರ ರಬ್ಬರು ಗಡುಸಾಗುತ್ತಾ ಹಿಡಿತ ಬಿಡುತ್ತದೆ.

“ಚಳಿಗಾಲದ ಟೈರು ಹಾಕಿಸಿಲ್ಲವೇ ಸ್ವಾಮೀ?” ಎಂದು ಕೇಳಿ ನೋಡಿ. “ನಮ್ಮದು ಫೋರ್ ವೀಲ್ ಡ್ರೈವ್” ಎಂಬ ಉತ್ತರ ಬರುತ್ತದೆ, ಜೊತೆಗೊಂದು ಕರುಣೆಯ ನಗು. ಒಂದೂವರೆ ಲಕ್ಷ ಯೂರೋ ಸುರಿದವರಿಗೆ ನಾಲ್ಕು ಟೈರಿನ ದುಡ್ಡು ದುಂದುವೆಚ್ಚವಾಗಿ ಕಾಣುತ್ತದೆ. ಆನೆ ಕೊಂಡು ಅಂಕುಶಕ್ಕೆ ಚೌಕಾಶಿ ಮಾಡಿದರಂತೆ ಎಂದು ನಮ್ಮವರು ಸುಮ್ಮನೆ ಹೇಳಲಿಲ್ಲ.

ಫೋರ್ ವೀಲ್ ಡ್ರೈವಿನ ಈ ಭಕ್ತರಿಗೆ ಯಾರೂ ಬಿಡಿಸಿ ಹೇಳದ ಒಂದು ಸಂಗತಿ ಇದೆ. ಎಂಜಿನ್ನಿನ ಬಲ ನಾಲ್ಕೂ ಚಕ್ರಕ್ಕೆ ಹಂಚಿಕೆಯಾದರೆ ಕಾರು ಚೆನ್ನಾಗಿ ಹೊರಡುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು. ನಿಲ್ಲಿಸುವ ಕೆಲಸ ಬ್ರೇಕಿನದು, ಬ್ರೇಕು ಹಿಂದಿನಿಂದಲೂ ನಾಲ್ಕೂ ಚಕ್ರಕ್ಕೆ ಇದೆ. ನಮ್ಮ ಮಾರುತಿ 800ಕ್ಕೂ ಇತ್ತು. ಇನ್ನು ತಿರುವಿನಲ್ಲಿ ಕಾರನ್ನು ರಸ್ತೆಯ ಮೇಲೆ ಇಟ್ಟುಕೊಳ್ಳುವುದು ಟೈರು, ಅದರಲ್ಲೂ ಅಂಗೈ ಅಗಲದ ನಾಲ್ಕು ರಬ್ಬರು ತುಂಡು. ನಾನೂರೈವತ್ತು ಕುದುರೆಗಳಾಗಲಿ, ಎಂಟು ಗೇರಾಗಲಿ, ಸ್ಟೇರಿಂಗಿನ ಮೇಲಿನ ‘ಸ್ಪೋರ್ಟ್ ಪ್ಲಸ್’ ಗುಂಡಿಯಾಗಲಿ ಆ ನಾಲ್ಕು ತುಂಡಿನ ಅಪ್ಪಣೆಯಿಲ್ಲದೆ ಏನೂ ಮಾಡಲಾರವು.

ಜರ್ಮನಿಗೆ ಹೋಗಿ ನೆಲೆಸಿರುವ ನಮ್ಮ ಕನ್ನಡದ ಎಂಜಿನಿಯರುಗಳಿಗೆ ಕಾರು ನಿಲ್ಲುವ ದೂರದ ಲೆಕ್ಕ ಬಾಯಿಪಾಠ. ಊರಿನ ಲೈಸೆನ್ಸು ಅಲ್ಲಿ ಆರು ತಿಂಗಳಿಗಿಂತ ಹೆಚ್ಚು ನಡೆಯುವುದಿಲ್ಲ. ಮತ್ತೆ ಪರೀಕ್ಷೆಗೆ ಕೂರಬೇಕು. ಅಲ್ಲಿನ ಡ್ರೈವಿಂಗ್ ಸ್ಕೂಲಿನ ಸೂತ್ರ ಹೀಗಿದೆ: ವೇಗವನ್ನು ಹತ್ತರಿಂದ ಭಾಗಿಸು, ಬಂದದ್ದನ್ನು ಅದರಿಂದಲೇ ಗುಣಿಸು. ಗಂಟೆಗೆ 50 ಕಿಲೋಮೀಟರ್ ಆದರೆ 25 ಮೀಟರ್ ಬ್ರೇಕಿನ ದೂರ. ತುರ್ತಾಗಿ ಒತ್ತಿದರೆ ಅದರ ಅರ್ಧ. ಒಣ ರಸ್ತೆಯ ಮಾತಿದು. ಗಟ್ಟಿಯಾದ ಹಿಮದ ಮೇಲೆ ಆ ಹನ್ನೆರಡೂವರೆ ಮೀಟರು ಐವತ್ತರ ಹತ್ತಿರ ಹೋಗುತ್ತದೆ, ಮಂಜುಗಡ್ಡೆಯ ಮೇಲಾದರೆ ನೂರರ ಹತ್ತಿರ. ಪರೀಕ್ಷೆಯಲ್ಲಿ ಇವರು ಪಾಸಾಗುತ್ತಾರೆ, ಬಿಡಿ. ಹತ್ತು ವರ್ಷ ದುಡಿದು ಸೆಕೆಂಡ್‌ಹ್ಯಾಂಡ್ ಪೋರ್ಷೆ 911 ಕೊಂಡ ಮೇಲೆ ಸ್ನೇಹಿತರ ನಡುವೆ ಇಂಥ ಸಂವಾದ ನಡೆಯುತ್ತದೆ:

“ಟೈರ್ ಬದಲಾಯಿಸಿದ್ಯೇನೋ?”

“ಫೋರ್ ವೀಲ್ ಡ್ರೈವ್ ಕಣೋ, ಯಾಕೆ ಬೇಕು?”

“ಸರಿ, ಹತ್ತುತ್ತೆ. ಇಳಿಯೋದು ಹೆಂಗೆ?”

“ಹತ್ತಿದ್ಮೇಲೆ ಇಳಿಯೋದೇನು, ಅದೇ ಇಳಿಯುತ್ತೆ.”

ಮಾತು ಅಕ್ಷರಶಃ ನಿಜ. ಅದೇ ಇಳಿಯುತ್ತದೆ, ಯಾರನ್ನೂ ಕೇಳದೆ.

ಎರಡೇ ಚಕ್ರದ ಎಳೆತವಿದ್ದ ಹಳೇ ಕಾರುಗಳಲ್ಲಿ ಒಂದು ದೊಡ್ಡ ಗುಣವಿತ್ತು. ಘಾಟಿಯ ಬುಡದಲ್ಲೇ ಚಕ್ರ ಗಿರಗಿರ ತಿರುಗಿ, “ನನ್ನಿಂದಾಗದು” ಎಂದು ಒಪ್ಪಿಕೊಂಡುಬಿಡುತ್ತಿದ್ದವು. ಮಾಲೀಕನಿಗೆ ಸ್ವಲ್ಪ ಅವಮಾನ, ಹಿಂದಿನವರಿಂದ ನಾಲ್ಕು ಹಾರ್ನು, ಊರಿನ ಕಾಫಿ ಅಂಗಡಿಯಲ್ಲಿ ಎರಡು ತಾಸು ಕಾಯುವುದು, ಅಷ್ಟರಲ್ಲಿ ಮುಗಿಯುತ್ತಿತ್ತು. ಫೋರ್ ವೀಲ್ ಡ್ರೈವ್ ಆ ಚಾಡಿ ಹೇಳುವುದಿಲ್ಲ. ರಸ್ತೆ ಎಷ್ಟು ಜಾರುತ್ತಿದೆ ಎಂಬ ಸುದ್ದಿಯನ್ನು ಯಜಮಾನನ ಕಿವಿಗೆ ಬೀಳದಂತೆ ಬಚ್ಚಿಟ್ಟು, ನಿಷ್ಠಾವಂತ ಆಪ್ತ ಕಾರ್ಯದರ್ಶಿಯ ಹಾಗೆ ಗಂಟೆಗೆ 70ರ ವೇಗಕ್ಕೆ ತಂದು ಮುಟ್ಟಿಸುತ್ತದೆ. ಸುದ್ದಿ ತಿಳಿಯುವುದು ಮೊದಲ ಹೇರ್‌ಪಿನ್ ತಿರುವಿನಲ್ಲಿ. ಸ್ಟೇರಿಂಗ್ ತಿರುಗಿಸಿದರೆ ಅದು ಬೆಣ್ಣೆಯ ಹಾಗೆ ತಿರುಗುತ್ತದೆ. ಕಾರು ಮಾತ್ರ ನೇರ ಹೋಗುತ್ತದೆ. ಬ್ರೇಕು ಒತ್ತಿದ ಕಾಲಿನಡಿ ಎಬಿಎಸ್ ಗಡಗಡ ನಡುಗುತ್ತದೆ. ಡ್ಯಾಶ್‌ಬೋರ್ಡಿನ ಮೇಲೆ ಜಾರುತ್ತಿರುವ ಕಾರಿನ ಪುಟ್ಟ ಹಳದಿ ಚಿತ್ರ ಮಿನುಗುತ್ತದೆ. ಜಾರುತ್ತಿರುವವನಿಗೆ ‘ನೀನು ಜಾರುತ್ತಿದ್ದೀಯೆ’ ಎಂದು ಚಿತ್ರ ಬರೆದು ತೋರಿಸುವಷ್ಟು ತಂತ್ರಜ್ಞಾನ ಮುಂದುವರಿದಿದೆ.

2019ರಲ್ಲಿ ಬಂದ 911ಕ್ಕೆ ಕಿವಿಯೂ ಇದೆ, ಗೊತ್ತೇ? ಮುಂಚಕ್ರದ ಗೂಡಿನಲ್ಲಿ ಕೂತ ಸೆನ್ಸರು ನೀರು ಸಿಡಿಯುವ ಸದ್ದು ಆಲಿಸಿ, ರಸ್ತೆ ಒದ್ದೆಯಾಗಿದೆ, ‘ವೆಟ್ ಮೋಡ್’ ಹಾಕಿಕೊಳ್ಳಿ ಎಂದು ವಿನಂತಿಸುತ್ತದೆ. ಬರೀ ವಿನಂತಿ. ಗುಂಡಿ ಒತ್ತಬೇಕಾದವರು ಯಜಮಾನರು. ಯಜಮಾನರ ಕಿವಿಯೊಳಗೇ ಒಂದು ಸೆನ್ಸರು ಕೂರಿಸುವ ವಿದ್ಯೆ ಇನ್ನೂ ಬಂದಿಲ್ಲ.

ಈ ಭಕ್ತಿಗೊಂದು ಸ್ಥಳಪುರಾಣವೂ ಇದೆ. 1976-77ರ ಚಳಿಗಾಲದಲ್ಲಿ ಆಡಿ ಕಂಪನಿಯ ಎಂಜಿನಿಯರುಗಳು ಫಿನ್ಲೆಂಡಿನಲ್ಲಿ ಪರೀಕ್ಷೆ ಮಾಡುತ್ತಿದ್ದಾಗ, ಸೈನ್ಯಕ್ಕೆಂದು ಮಾಡಿದ್ದ ‘ಇಲ್ಟಿಸ್’ ಎಂಬ ಬಡಪಾಯಿ ಜೀಪು ಹಿಮದಲ್ಲಿ ಅತಿ ಶಕ್ತಿಯ ಕಾರುಗಳ ಸೊಕ್ಕು ಮುರಿಯಿತು. ಆ ಅವಮಾನದಿಂದ ಹುಟ್ಟಿದ್ದು ಜೀಪಿನಂತೆ ನಾಲ್ಕೂ ಚಕ್ರ ಎಳೆಯುವ ಕಾರು, ಕ್ವಾಟ್ರೊ. 1978ರ ಜನವರಿಯಲ್ಲಿ ಆಸ್ಟ್ರಿಯಾದ ಟುರಾಖರ್ ಹ್ಯೋಯ ಘಾಟಿಯಲ್ಲಿ ಮಾದರಿ ಕಾರನ್ನು ಕಂಪನಿಯ ದೊಡ್ಡವರ ಮುಂದೆ ಹತ್ತಿಸಿ ತೋರಿಸಿದರು, ಅದೂ ಬೇಸಿಗೆಯ ಟೈರಿನಲ್ಲಿ! 1980ರಲ್ಲಿ ಜಿನೀವಾ ಮೋಟಾರು ಮೇಳದಲ್ಲಿ ಕಾರು ಬಂತು. 1986ರಲ್ಲಿ ಫಿನ್ಲೆಂಡಿನ ಕೈಪೊಲದ ಸ್ಕೀ ಜಿಗಿತದ ಇಳಿಜಾರನ್ನೇ ಆಡಿ 100 ಏರಿದ ಜಾಹೀರಾತು ಬಂತು. ಓಡಿಸಿದಾತ ರ‍್ಯಾಲಿ ಚಾಲಕ, ಟೈರಿಗೆ ಮೊಳೆ ಹೊಡೆದಿತ್ತು. ಜನರ ತಲೆಯಲ್ಲಿ ಉಳಿದದ್ದು ಏರಿದ್ದು ಮಾತ್ರ. ಚಾಲಕ ಮರೆತುಹೋದ, ಮೊಳೆ ಮರೆತೇಹೋಯಿತು.

ರ‍್ಯಾಲಿಯ ಪುರಾಣ ಬಲ್ಲವರು ಇಲ್ಲಿ ಚಾಲಕ ವಾಲ್ಟರ್ ರ‍್ಯೋರ್ಲ್ ಹೆಸರು ತೆಗೆಯುತ್ತಾರೆ, 1984ರ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಕ್ವಾಟ್ರೊದಲ್ಲೇ ಗೆದ್ದರಲ್ಲ ಎನ್ನುತ್ತಾರೆ. ಗೆದ್ದರು, ಸರಿ. ಅದೇ ಮನುಷ್ಯ ಅದೇ ರ‍್ಯಾಲಿಯನ್ನು 1980ರಲ್ಲಿ ಫಿಯೆಟ್, 1982ರಲ್ಲಿ ಓಪೆಲ್, 1983ರಲ್ಲಿ ಲ್ಯಾನ್ಸಿಯಾ ಓಡಿಸಿಯೂ ಗೆದ್ದಿದ್ದರು. ಮೂರೂ ಬರೀ ಹಿಂದಿನ ಚಕ್ರದ ಎಳೆತದವು. 1982ರಲ್ಲಿ ಅವರ ಹಿಂದೆ ಎರಡನೆಯದಾಗಿ ಬಂದದ್ದು ಕ್ವಾಟ್ರೊ. ಕೆಲವು ವರ್ಷ ಹಿಮವೇ ಕಡಿಮೆಯಿತ್ತು ಎಂದು ಅಭಿಮಾನಿಗಳು ತಕರಾರು ತೆಗೆಯಬಹುದು. ತೆಗೆಯಲಿ. ಚಾಲಕ ಯಾರು, ಟೈರು ಯಾವುದು ಎಂದು ಮೊದಲು ಕೇಳಬೇಕು ಎಂಬುದಷ್ಟೇ ನನ್ನ ವಾದ.

ಇನ್ನೊಂದು ಪಂಗಡವಿದೆ. ಇವರು ಉತ್ತರ ಯುರೋಪಿನ ಲ್ಯಾಪ್‌ಲೆಂಡಿಗೆ ಹೋಗಿ, ಹೆಪ್ಪುಗಟ್ಟಿದ ಕೆರೆಯ ಮೇಲೆ ಕಾರು ಜಾರಿಸಲು ದುಡ್ಡು ಕಟ್ಟುತ್ತಾರೆ. ಅಲ್ಲಿ ಟೈರಿಗೆ ಮೊಳೆ, ಪಕ್ಕದಲ್ಲಿ ಗುರು, ಗುದ್ದಲು ಮರವಿಲ್ಲ, ಎದುರಿಗೆ ಹಾಲಿನ ಲಾರಿಯಿಲ್ಲ. ಹಿಮದ ದಿಬ್ಬಕ್ಕೆ ನುಗ್ಗಿದರೆ ಹಗ್ಗ ಕಟ್ಟಿ ಎಳೆಯಲು ಜನ ಸಿದ್ಧ. ಕಲಿಯಲು ಒಳ್ಳೆಯ ಜಾಗ, ಸಂಶಯವಿಲ್ಲ. ಆದರೆ ಎರಡು ದಿನ ಅಡ್ಡಡ್ಡ ಜಾರಿ, ಸರ್ಟಿಫಿಕೇಟು ಹಿಡಿದು ಊರಿಗೆ ಬಂದವರು, ಮೊಳೆ ಟೈರನ್ನು ರಸ್ತೆಯ ಮೇಲೆ ನಿಷೇಧಿಸಿರುವ ಜರ್ಮನಿಯಲ್ಲಿ ಅದೇ ಧೈರ್ಯ ತೋರಿಸುತ್ತಾರೆ. ಮೊಳೆ ಅಲ್ಲೇ ಉಳಿಯುತ್ತದೆ, ಧೈರ್ಯವೊಂದೇ ವಿಮಾನ ಹತ್ತಿ ಬರುತ್ತದೆ.

ಸರ್ಕಾರ ಸುಮ್ಮನಿದೆಯೇ? ಇಲ್ಲ. ಹಿಮ, ಮಂಜುಗಡ್ಡೆ ಇದ್ದ ರಸ್ತೆಗೆ ಚಳಿಗಾಲದ ಟೈರಿಲ್ಲದೆ ಇಳಿಯಬಾರದೆಂದು ಜರ್ಮನಿ 2010ರಲ್ಲೇ ಬಿಗಿ ಮಾಡಿತು. 2024ರ ಅಕ್ಟೋಬರಿನಿಂದ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಮುದ್ರೆಯ ಟೈರಿಗೆ ಮಾತ್ರ ಮಾನ್ಯತೆ. ತಪ್ಪಿದರೆ ದಂಡ 60 ಯೂರೋ, ಜೊತೆಗೆ ಲೈಸೆನ್ಸಿನ ಖಾತೆಗೆ ಒಂದು ಪಾಯಿಂಟು. ಅಡ್ಡ ನಿಂತು ಬೇರೆಯವರ ದಾರಿ ಕಟ್ಟಿದರೆ 80. ಕಿಟ್ಸ್‌ಬ್ಯೂಲ್‌ನ ಊಟದ ಬಿಲ್ಲಿನ ಮುಂದೆ ಇದು ಟಿಪ್ಸು. ಶ್ರೀಮಂತರ ಅಹಂಕಾರಕ್ಕೆ ಇಷ್ಟು ಅಗ್ಗದ ತೆರಿಗೆ ಜಗತ್ತಿನಲ್ಲಿ ಬೇರೆಲ್ಲೂ ಇರಲಾರದು.

ಕಾರನ್ನು ಬೈದರೆ ಅನ್ಯಾಯವಾದೀತು. ಸರಿಯಾದ ಟೈರು ಹಾಕಿದ ನಾಲ್ಕು ಚಕ್ರದ 911 ಹಿಮದಲ್ಲಿ ಬಲು ಸೊಗಸಾಗಿ ಓಡುತ್ತದೆ. ಎಂಜಿನ್ನಿನ ಭಾರ ಹಿಂದಿನ ಚಕ್ರದ ಮೇಲೇ ಕೂತಿರುವುದರಿಂದ ಹಿಡಿತವೂ ಚೆನ್ನ. ಆದರೆ ಸೇಂಟ್ ಮೊರಿಟ್ಸ್‌ನಲ್ಲಿ ದೊಡ್ಡಸ್ತಿಕೆ ಅಂದರೆ ಏನೆಂದು ತಿಳಿಯಬೇಕಿದ್ದರೆ ಜಾನ್ನಿ ಅಗ್ನೆಲ್ಲಿಯವರನ್ನು ನೆನೆಯಬೇಕು. ಫಿಯೆಟ್ಟಿನ ಒಡೆಯರಾಗಿದ್ದವರು, 1969ರಿಂದ ಫೆರಾರಿಯ ಅರ್ಧ ಪಾಲೂ ಫಿಯೆಟ್ಟಿನದೇ ಆಗಿತ್ತು. ಅಂಥವರು ಆ ಊರಿನ ಹಿಮದಲ್ಲಿ ತಿರುಗಾಡಲು ಇಟ್ಟುಕೊಂಡದ್ದು ಫಿಯೆಟ್ ಪಾಂಡಾ 4x4. ಈ ಪಾಂಡಾ 1983ರಲ್ಲಿ 48 ಅಶ್ವಶಕ್ತಿಯೊಂದಿಗೆ ಹುಟ್ಟಿದ ಡಬ್ಬಿ. ಆಸ್ಟ್ರಿಯಾದ ಸ್ಟೈರ್-ಪುಖ್ ಕಂಪನಿಯ ನಾಲ್ಕು ಚಕ್ರದ ಎಳೆತ, ಪೋರ್ಷೆಯ ಹಿಂದಿನ ಟೈರಿನ ಅರ್ಧವೂ ಅಗಲವಿಲ್ಲದ ಟೈರು. ಬೆಟ್ಟದ ಹಳ್ಳಿಗಳಲ್ಲಿ ರೈತರು ಇವತ್ತಿಗೂ ಇಂಥ ಹಳೇ ಪಾಂಡಾದಲ್ಲೇ ಓಡಾಡುತ್ತಾರೆ. ಚರಂಡಿಯ ಪಕ್ಕದಲ್ಲಿ ಮೂಗು ಹೂತುಕೊಂಡು ನಿಂತ ಸ್ಪೋರ್ಟ್ಸ್ ಕಾರಿನ ಬಳಿ ನಿಧಾನ ಮಾಡಿ, ಕಿಟಕಿ ಇಳಿಸಿ, ಟ್ರ್ಯಾಕ್ಟರು ಕಳಿಸಲೇ ಎಂದು ಕೇಳುವವರು ಇವರೇ. ಯಾರೂ ಬೇಡ ಎಂದದ್ದಿಲ್ಲ.

ಜರ್ಮನಿ, ಆಸ್ಟ್ರಿಯಾಗಳಲ್ಲಿರುವ ಕನ್ನಡ ಓದುಗರಲ್ಲಿ ಒಂದು ಕೋರಿಕೆ. ಮೊದಲ ಹಿಮ ಬಿದ್ದ ಬೆಳಿಗ್ಗೆ ಊರಿಗೆ ಊರೇ ಟೈರಿನ ಅಂಗಡಿಗೆ ಫೋನ್ ಮಾಡುತ್ತದೆ, ವಾರಗಟ್ಟಲೆ ಸರದಿ ಸಿಗುವುದಿಲ್ಲ. ಸೆಪ್ಟೆಂಬರಿನಲ್ಲೇ ದಿನ ಗೊತ್ತು ಮಾಡಿಕೊಳ್ಳಿ.