ಪಟ್ಟಿತ್ಯಾಗ ಮೀಮಾಂಸೆ

ಪ್ರವಾಸಕ್ಕೆ ಮುನ್ನ ಬರೆದುಕೊಳ್ಳುವ ‘ನೋಡಲೇಬೇಕಾದ ಸ್ಥಳಗಳ’ ಪಟ್ಟಿಯನ್ನು ಕೈಬಿಡುವುದು ಈ ಗ್ರಂಥದ ವಿಷಯ. ರಜೆ ಮುಗಿಸಿ ಬಂದು, ದಣಿವಾರಿಸಿಕೊಳ್ಳಲು ಮತ್ತೆ ರಜೆ ಹಾಕಿದವರೆಲ್ಲ ಇದರ ಅಧಿಕಾರಿಗಳು. ಪ್ರಯೋಜನ, ಮೊಣಕಾಲಿನ ಕ್ಷೇಮ. ದೃಷ್ಟಾಂತಕ್ಕೆ ‘ಒಂದೇ ದಿನದಲ್ಲಿ ಹಂಪಿ’ ಎಂಬ ಮಹಾಯಾಗವನ್ನು ಎತ್ತಿಕೊಳ್ಳಲಾಗಿದೆ.

ಮೊದಲು ಗಣಿತ. 1986ರಲ್ಲಿ ವಿಶ್ವ ಪರಂಪರೆಯ ತಾಣವಾದ ಹಂಪಿಯಲ್ಲಿ 1,600ಕ್ಕೂ ಹೆಚ್ಚು ಅವಶೇಷಗಳು ಉಳಿದಿವೆ ಎನ್ನುತ್ತದೆ ಯುನೆಸ್ಕೋ. ಒಂದೊಂದಕ್ಕೆ ಹತ್ತೇ ನಿಮಿಷ ಕೊಟ್ಟರೂ, ಊಟ ನಿದ್ದೆ ಬಿಟ್ಟು ತಿರುಗಿದರೂ ಹನ್ನೊಂದು ದಿನ ದಾಟುತ್ತದೆ. ಪಟ್ಟಿಕಾರರು ಅವಶೇಷಗಳನ್ನೇ ಹದಿನೈದಕ್ಕೆ ಇಳಿಸುತ್ತಾರೆ. ಮಿಕ್ಕ 1,585 ತಪ್ಪಿಹೋದದ್ದಕ್ಕೆ ಯಾರಿಗೂ ಸಂಕಟವಿಲ್ಲ. ಹದಿನೈದರಲ್ಲಿ ಒಂದು ತಪ್ಪಿದರೆ ಮಾತ್ರ ಗಂಡ ಹೆಂಡತಿ ಹೊಸಪೇಟೆ ಮುಟ್ಟುವವರೆಗೆ ಮಾತು ಬಿಡುತ್ತಾರೆ.

ಪೂರ್ವಪಕ್ಷ: “ಕಲ್ಲಿನ ರಥ ನೋಡದಿದ್ದರೆ ಹಂಪಿಗೆ ಹೋಗಿದ್ದೇ ದಂಡ.” ಖಂಡನೆ: 2017ರಲ್ಲಿ ಬಂದ ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿ ಅದೇ ರಥ ಇದೆ. ನೋಟು ಜೇಬಿನಲ್ಲಿದ್ದವನಿಗೆ ದರ್ಶನ ನಿತ್ಯಸಿದ್ಧ. ಅದಕ್ಕಾಗಿ ಬ್ಯಾಟರಿ ಗಾಡಿಯ ಸಾಲಿನಲ್ಲಿ ನಿಲ್ಲುವುದು ಪುನರುಕ್ತಿ ದೋಷ. ಈ ವಾದ ಮೊಂಡೆನಿಸಿದರೆ ಪೂರ್ವಪಕ್ಷವನ್ನು ಇನ್ನೊಮ್ಮೆ ಓದಿಕೊಳ್ಳಿ.

ಇನ್ನು ಪ್ರಮಾಣ ವಿಚಾರ. ಪಟ್ಟಿಕಾರರಿಗೆ ಪ್ರತ್ಯಕ್ಷ ಪ್ರಮಾಣವಲ್ಲ. ವಿರೂಪಾಕ್ಷ ದೇವಸ್ಥಾನದ ಹಿಂಬದಿಯ ಕತ್ತಲೆ ಕೋಣೆಗೆ ಬನ್ನಿ. ಸಣ್ಣ ಕಿಂಡಿಯಿಂದ ನುಗ್ಗುವ ಬೆಳಕು ರಾಜಗೋಪುರವನ್ನು ಎದುರು ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುತ್ತದೆ. ಕಣ್ಣು ಕತ್ತಲಿಗೆ ಹೊಂದಬೇಕು. ಮೊದಲು ಬರೀ ಮಸುಕು; ಆಮೇಲೆ ಕಳಶ ಕೆಳಗೆ, ಅದರ ಮೇಲೆ ಒಂದೊಂದೇ ಅಂತಸ್ತು ಅಗಲವಾಗುತ್ತ ಗೋಪುರ. ಅಷ್ಟರೊಳಗೆ ಪಟ್ಟಿಕಾರರು ಮೊಬೈಲಿನ ಫ್ಲ್ಯಾಶ್ ಹೊಡೆದು, ಇದ್ದ ನೆರಳನ್ನೂ ಅಳಿಸಿ, ಖಾಲಿ ಗೋಡೆಯ ಫೋಟೋ ಹಿಡಿದುಕೊಂಡು ಸಾಸಿವೆಕಾಳು ಗಣಪನ ಕಡೆ ಹೊರಟಾಗಿರುತ್ತದೆ.

ಹಾಗಾದರೆ ಪಟ್ಟಿಗೆ ಆಧಾರ ಯಾವುದು? ಭಾಟ್ಟ ಮೀಮಾಂಸಕರ ಆರನೆಯ ಪ್ರಮಾಣ, ಅನುಪಲಬ್ಧಿ. ಕಾಣದಿರುವುದರಿಂದಲೇ ಇಲ್ಲವೆಂದು ತಿಳಿಯುವುದು. ಈ ಶಾಸ್ತ್ರದಲ್ಲಿ ಪಕ್ಕದ ಮನೆ ಆಂಟಿಯನ್ನು ಮೀರಿಸಿದ ವಿದ್ವಾಂಸರಿಲ್ಲ. ಏನೇನು ನೋಡಿದಿರಿ ಎಂದು ಆಕೆ ಕೇಳುವವರಲ್ಲ. ನೀವು ಹದಿನಾಲ್ಕು ಹೆಸರು ಒಪ್ಪಿಸುವವರೆಗೆ ಸುಮ್ಮನಿದ್ದು, “ಅಯ್ಯೋ, ಕಮಲ ಮಹಲ್ ನೋಡ್ಲಿಲ್ವಾ?” ಎನ್ನುತ್ತಾರೆ. ಪಟ್ಟಿ ಬರೆಯುವವರು ನಾವಾದರೂ ಬರೆಸುವವರು ಆಕೆಯೇ.

ಸಿದ್ಧಾಂತ: ಬೆಳಿಗ್ಗೆ ಒಂದು ಜಾಗ. ಬಿಸಿಲೇರಿದ ಮೇಲೆ ಒಗ್ಗರಣಿ-ಮಿರ್ಚಿ. ಅನಂತರ ಹೇಮಕೂಟದ ಮಂಟಪದ ನೆರಳಿನಲ್ಲಿ ಯಾರಿಗಾದರೂ ಜೊಂಪು ಹತ್ತಿದರೆ ಎಬ್ಬಿಸಕೂಡದು.

ಒಂದು ಶಂಕೆ ಉಳಿಯಿತು. “ಮತ್ತೆ ಅಷ್ಟು ಹೊತ್ತು ಅಲ್ಲಿ ಏನ್ ಮಾಡ್ತಿದ್ರಿ?” ಎಂದು ಆಂಟಿ ಮುಂದುವರಿಸಿದರೆ? ಇದರ ಸಮಾಧಾನವನ್ನು ಭಾಷ್ಯಕಾರರಿಗೆ ಬಿಡಲಾಗಿದೆ. ಅಲ್ಲಿಯವರೆಗೆ, ಕಮಲ ಮಹಲ್ ರಿಪೇರಿಗೆ ಮುಚ್ಚಿತ್ತು ಎನ್ನಬಹುದೆಂದು ಕೆಲವು ಆಚಾರ್ಯರ ಮತ.