ಅಟ್ಟದಿಂದ ಇಳಿದ ಸಾಮಾನು

ಕಡಹಿನಬೈಲಿನಲ್ಲಿ ವಸ್ತುಸಂಗ್ರಹಾಲಯವೆಂಬುದಿಲ್ಲ. ಹಾಗೆಂದು ಊರಿನವರಿಗೆ ಪುರಾತನ ವಸ್ತುಗಳಲ್ಲಿ ಆದರವಿಲ್ಲವೆಂದು ಯಾರಾದರೂ ಭಾವಿಸಿದರೆ, ಅವರು ಮಲೆನಾಡಿನ ಮನೆಯ ಅಟ್ಟವನ್ನು ಎಂದೂ ಹತ್ತಿದವರಲ್ಲವೆಂದೇ ಹೇಳಬೇಕು. ಇಲ್ಲಿಯ ಗೃಹಸ್ಥನು ಯಾವ ಪದಾರ್ಥವನ್ನೂ ಹೊರಗೆಸೆಯುವವನಲ್ಲ. ಬಳಕೆಗೆ ಬಾರದುದನ್ನು ಮೇಲಕ್ಕೇರಿಸುವವನು. ಮಣೆ ಕಳಚಿದ ಮೆಟ್ಟುಗತ್ತಿ, ತಳ ಒಡೆದ ಕೊಳಗ, ಗಾಜಿಲ್ಲದ ಲಾಟೀನು, ಅಜ್ಜನ ಕಾಲದ ಕಂದಾಯದ ರಸೀದಿಗಳು, ಎಂದೋ ಮದುವೆಯಾಗಿ ಈಗ ಮೊಮ್ಮಕ್ಕಳ ಮದುವೆಗೆ ಓಡಾಡುತ್ತಿರುವವರ ಲಗ್ನಪತ್ರಿಕೆಗಳು, ಇಲಿ ತಿಂದುಳಿಸಿದ ಗೊರಬು, ಇವೆಲ್ಲವೂ ಅಡಿಗೆಮನೆಯ ಹೊಗೆಯಲ್ಲಿ ದಿನನಿತ್ಯ ಮಿಂದು, ಗೆದ್ದಲಿನ ಭಯವಾಗಲಿ ಬೂಷ್ಟಿನ ಭಯವಾಗಲಿ ಇಲ್ಲದೆ, ತಮ್ಮನ್ನು ಕೆಳಗಿಳಿಸಿ ಧೂಳು ಕೊಡವುವ ಧೀರನು ಈ ವಂಶದಲ್ಲಿ ಇನ್ನೂ ಹುಟ್ಟಿಲ್ಲವೆಂಬ ನಿಶ್ಚಿಂತೆಯಿಂದ ಕಾಲಕ್ಷೇಪ ಮಾಡುತ್ತಿರುತ್ತವೆ. ಅಟ್ಟಕ್ಕೂ ವಸ್ತುಸಂಗ್ರಹಾಲಯಕ್ಕೂ ಇರುವ ಅಂತರ ನನ್ನ ಲೆಕ್ಕದಲ್ಲಿ ಒಂದೇ: ಅಲ್ಲಿ ವಸ್ತುವಿನ ಪಕ್ಕದಲ್ಲಿ ನಿಂತು ಮಾತನಾಡುವವರೊಬ್ಬರು ಇರುತ್ತಾರೆ, ಇಲ್ಲಿ ಬೆಕ್ಕು ಮಾತ್ರ ಇರುತ್ತದೆ.

ಚರಿತ್ರೆಯ ವಿಷಯದಲ್ಲಿ ನಮ್ಮ ಸೀಮೆಯೇನೂ ಬಡವಲ್ಲ. ನಮ್ಮ ತಾಲ್ಲೂಕಿನ ಪಟ್ಟಣವು ಹಿಂದೆ ಎಡೇಹಳ್ಳಿಯಾಗಿದ್ದು, 1915ರಲ್ಲಿ ಮೈಸೂರಿನ ಯುವರಾಜರಾಗಿದ್ದ ಕಂಠೀರವ ನರಸಿಂಹರಾಜ ಒಡೆಯರ ಹೆಸರನ್ನು ಧರಿಸಿ ನರಸಿಂಹರಾಜಪುರವಾಯಿತು. ತರೀಕೆರೆಯಿಂದ ಅಲ್ಲಿಗೆ ಕಾಡಿನ ನಡುವೆ ಎರಡಡಿ ಅಗಲದ ಹಳಿಯ ಮೇಲೆ ಪುಟ್ಟದೊಂದು ಟ್ರಾಂ ಬಂಡಿ ಓಡುತ್ತಿತ್ತೆಂದರೆ ಇಂದಿನ ಹುಡುಗರು ಮರ್ಯಾದೆಗಾಗಿ ನಂಬಿದಂತೆ ತಲೆಯಾಡಿಸುತ್ತಾರೆ. ಆಮೇಲೆ ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟಾಗಿ, ಅದರ ಹಿನ್ನೀರು ಗದ್ದೆ, ತೋಟ, ಮನೆಗಳೊಡನೆ ಸಾಕಷ್ಟು ಇತಿಹಾಸವನ್ನೂ ಹೊಟ್ಟೆಗೆ ಹಾಕಿಕೊಂಡಿತು. ನಮ್ಮ ಬಳಗದ ಒಂದು ಮನೆಯವರು ಮುಳುಗಡೆಯಾದ ತಮ್ಮ ಮನೆಯ ತಲೆಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು ಗಾಡಿಯಲ್ಲಿ ಹೇರಿ ತಂದವರು. ತಂದ ಬಾಗಿಲಿಗೆ ಹೊಂದುವ ಗೋಡೆಯನ್ನು ಕಟ್ಟುವುದಕ್ಕೆ ಮಾತ್ರ ಇನ್ನೂ ಅವಕಾಶವಾಗಿಲ್ಲ.

ಬೇಕಾಗಿರುವುದು ಗಂಟು ಬಿಚ್ಚುವವರು. ಶೃಂಗೇರಿಯ ಮಠದಲ್ಲಿ ಒಂದು ನೂರು ವರ್ಷಕ್ಕೂ ಮೀರಿ ಸುಮ್ಮನೆ ಬಿದ್ದಿದ್ದ ಕಾಗದಗಳ ಕಟ್ಟನ್ನು ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 1916ರಲ್ಲಿ ಬಿಚ್ಚಿ ನೋಡಿದಾಗಲ್ಲವೆ, ಟಿಪ್ಪೂಸುಲ್ತಾನನು ಜಗದ್ಗುರುಗಳಿಗೆ ಕನ್ನಡದಲ್ಲಿ ಬರೆಯಿಸಿದ್ದ ಪತ್ರಗಳು ಲೋಕಕ್ಕೆ ಗೋಚರವಾದುದು? ಆ ಮಠದ ಕಡತಗಳೂ ಹಾಗೆಯೇ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆದಿಟ್ಟ ಆ ಲೆಕ್ಕಪತ್ರಗಳನ್ನು ಬಿಡಿಸಿ ಓದುವ ಸಹನೆಯುಳ್ಳವರು ದೊರೆತ ಮೇಲೆಯೇ ಅವು ಚರಿತ್ರೆಯಾದುವು. ಅಲ್ಲಿಯವರೆಗೆ ಅವು ಕಪ್ಪು ಬಟ್ಟೆ. ಸಾಗರದ ಬಳಿಯ ಕೆಳದಿಯಲ್ಲಿ ಗುಂಡಾಜೋಯಿಸರು ತಾಳೆಗರಿ, ನಾಣ್ಯ, ಕಾಗದಪತ್ರಗಳನ್ನು ಬೆನ್ನುಹತ್ತಿ ಕೂಡಿಸಿ ಒಂದು ವಸ್ತುಸಂಗ್ರಹಾಲಯವನ್ನೇ ಕಟ್ಟಿದರು. ಮೈಸೂರಿನ ಜಯಲಕ್ಷ್ಮೀವಿಲಾಸದಲ್ಲಿರುವ ಜಾನಪದ ವಸ್ತುಸಂಗ್ರಹಾಲಯಕ್ಕೆ ಕಲಾವಿದ ಪಿ. ಆರ್. ತಿಪ್ಪೇಸ್ವಾಮಿಯವರೂ, ರಾಮನಗರದ ಜಾನಪದ ಲೋಕಕ್ಕೆ ಎಚ್. ಎಲ್. ನಾಗೇಗೌಡರೂ ಹಳ್ಳಿಹಳ್ಳಿ ಅಲೆದು ಸಾಮಾನು ತಂದರು. ಇಂಥವರು ಒಂದು ಮನೆಯ ಅಂಗಳಕ್ಕೆ ಬಂದು ಒರಳುಕಲ್ಲನ್ನು ಕಣ್ಣರಳಿಸಿ ನೋಡತೊಡಗಿದಾಗ ಮನೆಯ ಯಜಮಾನನ ಮುಖದಲ್ಲಿ ಮೂಡಿರಬಹುದಾದ ಸಂಶಯವನ್ನು ನಾನು ಅನೇಕ ಸಲ ಕಲ್ಪಿಸಿಕೊಂಡಿದ್ದೇನೆ. ಬೇಡದ ವಸ್ತುವನ್ನು ಕೇಳಿಕೊಂಡು ಬಂದವನನ್ನು ಕಂಡೊಡನೆ ಅದರಲ್ಲಿ ಏನೋ ಬೆಲೆಯಿದ್ದಿರಬೇಕೆಂದು ತಿಳಿಯದಷ್ಟು ದಡ್ಡರು ನಮ್ಮಲ್ಲಿ ಯಾರೂ ಇಲ್ಲ.

ನಮ್ಮಲ್ಲಿ ಈ ವ್ಯವಹಾರವೆಲ್ಲ ಆರಂಭವಾದುದು ನನ್ನ ಸೋದರತ್ತೆಯವರು ಕುಪ್ಪಳಿಯನ್ನು ನೋಡಿಬಂದ ಮೇಲೆ. ಕೊಪ್ಪದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಸಿಕ್ಕುವ ಕುವೆಂಪು ಅವರ ಮನೆ ಈಗ ‘ಕವಿಮನೆ’ ಎಂಬ ಸಂಗ್ರಹಾಲಯವಾಗಿರುವುದನ್ನು ಕನ್ನಡಿಗರೆಲ್ಲರೂ ಬಲ್ಲರು. ಅತ್ತೆಯವರಿಗೆ ಆ ಸ್ಥಳದ ಮೇಲೆ ಹಳೆಯದೊಂದು ಆಕ್ಷೇಪಣೆಯಿತ್ತು. ಕವಿಗಳು 1904ರಲ್ಲಿ ಹುಟ್ಟಿದುದು ತಾಯಿಯ ತವರಾದ ಹಿರೇಕೊಡಿಗೆಯಲ್ಲಿ. ಅದು ಕೊಪ್ಪ ತಾಲ್ಲೂಕು. “ಹೆತ್ತು ಬಾಣಂತನ ಮಾಡಿ ಕಳ್ಸಿದ್ದು ನಾವು; ಟಿಕೆಟ್ ಹರಿಯೋದು ತೀರ್ಥಹಳ್ಳಿಯವರು,” ಎಂದು ಅವರು ಬಸ್ಸಿನಲ್ಲಿ ಅಪರಿಚಿತರಿಗೂ ಕೇಳಿಸುವಂತೆ ನುಡಿದರು. ಆದರೆ ಮನೆಯೊಳಗೆ ಕಾಲಿಟ್ಟು, ತೊಟ್ಟಿಯನ್ನೂ ದಪ್ಪ ಮರದ ಕಂಬಗಳನ್ನೂ ಬಾಣಂತಿಕೋಣೆಯನ್ನೂ ಅಡಿಗೆಮನೆಯ ಪಾತ್ರೆಗಳನ್ನೂ ಕಂಡೊಡನೆ ತಾಲ್ಲೂಕಿನ ಗಡಿ ಅವರಿಗೆ ಮರೆತುಹೋಯಿತು. ಕವಿಗಳ ಪುಸ್ತಕಗಳ ಪ್ರಥಮ ಮುದ್ರಣಗಳನ್ನು ಜೋಡಿಸಿಟ್ಟಿರುವ ಕಡೆ ಅವರು ನಿಂತಷ್ಟು ಹೊತ್ತು ಒಂದು ನಿಟ್ಟುಸಿರಿಗೂ ಸಾಲದು. ಕಡೆಗೋಲಿನ ಬಳಿಯಲ್ಲಿ ಮಾತ್ರ ಬೇರೂರಿ ನಿಂತರು.

ಅಷ್ಟರಲ್ಲಿ ಬೆಂಗಳೂರಿನ ಕಡೆಯ ಕಾಲೇಜು ಹುಡುಗಿಯರ ಗುಂಪೊಂದು ಅಲ್ಲಿಗೆ ಬಂದಿತು. ಅವರಲ್ಲಿ ಒಬ್ಬಳು, ಇದೇನಿರಬಹುದೆಂದು ತನ್ನ ಗೆಳತಿಯನ್ನು ಮೆಲ್ಲನೆ ಕೇಳಿದಳು. ಆ ಪ್ರಶ್ನೆ ಅತ್ತೆಯವರಿಗೆ ಹಾಕಿದುದಲ್ಲ. ಆದರೂ ಆ ಕ್ಷಣದಿಂದ ಅವರು ಆ ಸಂಸ್ಥೆಯ ಸ್ವಯಂಸೇವಕಿಯಾದರು. ನೇಮಕದ ಆಜ್ಞೆಯಿಲ್ಲ, ಎದೆಯ ಮೇಲೆ ಬಿಲ್ಲೆಯಿಲ್ಲ, ವೇತನವಂತೂ ಮೊದಲೇ ಇಲ್ಲ. “ಇಲ್ಲಿ ಕೇಳು ಮಗಾ,” ಎಂದು ಪ್ರಾರಂಭಿಸಿ, ಹಗ್ಗವನ್ನು ಎಷ್ಟು ಸುತ್ತು ಸುತ್ತಬೇಕು, ಬೆಣ್ಣೆ ಬರುವ ಮುಂಚೆ ಸದ್ದು ಹೇಗೆ ದಪ್ಪವಾಗುತ್ತದೆ, ಚಳಿಗಾಲದಲ್ಲಿ ಬಿಸಿನೀರು ಯಾವಾಗ ಹೊಯ್ಯಬೇಕು, ಅತ್ತೆಯ ಕಣ್ಣು ತಪ್ಪಿಸಿ ಬೆಣ್ಣೆ ನೆಕ್ಕುವುದು ಹೇಗೆ ಎಂಬಲ್ಲಿಯವರೆಗೆ ಅವರು ನಿರರ್ಗಳವಾಗಿ ಉಪನ್ಯಾಸ ಮಾಡಿದರು. ಹುಡುಗಿಯರು ನೆಲದ ಮೇಲೆ ಕುಳಿತುಬಿಟ್ಟರು. ನಾನು ಈ ನಾಡಿನಲ್ಲಿ ಅನೇಕ ಪ್ರಾಧ್ಯಾಪಕರ ಭಾಷಣಗಳನ್ನು ಕೇಳಿದ್ದೇನೆ. ಶ್ರೋತೃಗಳು ಹೀಗೆ ತಾವಾಗಿಯೇ ಕುಳಿತುದನ್ನು ಕಂಡಿಲ್ಲ, ಎದ್ದುಹೋದುದನ್ನು ಕಂಡಿದ್ದೇನೆ.

ಉಪನ್ಯಾಸವು “ಕೂತು ಕಡೀಬೇಕು” ಎಂಬ ವಾಕ್ಯಕ್ಕೆ ಬಂದಾಗ ಹಿಂದಿನಿಂದ ಇನ್ನೊಂದು ಕಂಠ ಕೇಳಿಸಿತು. “ಕೂತು ಕಡೆಯೋದು ಯಾವ ಊರಿನ ಪದ್ಧತಿ ಮಾರಾಯ್ತಿ? ನಿಂತು ಕಡೀಬೇಕು.” ತಿರುಗಿ ನೋಡಿದರೆ ತೀರ್ಥಹಳ್ಳಿಯ ಕಡೆಯವರೆಂದು ಮಾತಿನಿಂದಲೇ ತಿಳಿಯುತ್ತಿದ್ದ ವೃದ್ಧೆಯೊಬ್ಬರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ ಮುಂದೆ ಬರುತ್ತಿದ್ದರು. ಅನಂತರ ನಡೆದ ವಾದವನ್ನು ಯಥಾವತ್ತಾಗಿ ವರ್ಣಿಸಲು ನನಗೆ ಶಕ್ತಿ ಸಾಲದು. ಕೂತರೆ ಸೊಂಟ ಉಳಿಯುತ್ತದೆಂಬುದು ಪೂರ್ವಪಕ್ಷ. ನಿಂತರೆ ಬೇಗ ಮುಗಿಯುತ್ತದೆಂಬುದು ಉತ್ತರಪಕ್ಷ. ಎಮ್ಮೆಯ ಮೊಸರಿಗೊಂದು ಹಸುವಿನ ಮೊಸರಿಗೊಂದು ಕ್ರಮವಿರಬಹುದೆಂದು ಸಮನ್ವಯ ಮಾಡಹೊರಟ ನನಗೆ, ಗಂಡಸರಿಗೆ ಇದೆಲ್ಲ ತಿಳಿಯುವುದಿಲ್ಲವೆಂದು ಎರಡು ಪಕ್ಷಗಳೂ ಒಮ್ಮತದಿಂದ ತೀರ್ಪು ಕೊಟ್ಟುವು. ಹುಡುಗಿಯರಲ್ಲೊಬ್ಬಳು ತನ್ನ ಪುಸ್ತಕದಲ್ಲಿ ಎರಡನ್ನೂ ಬರೆದುಕೊಂಡಳು. ಆ ದಿನ ಆ ಮನೆಯಲ್ಲಿ ನಡೆದ ಅತ್ಯುತ್ತಮ ಸಂಶೋಧನೆ ಅದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಗಾಜಿನ ಹಿಂದೆ ಇಟ್ಟು, ‘ಕಡೆಗೋಲು: ಮರದ್ದು’ ಎಂದು ಚೀಟಿ ಅಂಟಿಸಿದ ವಸ್ತುವನ್ನು ಯಾರೂ ಅಲ್ಲಗಳೆಯುವುದಿಲ್ಲ, ಅಲ್ಲಗಳೆಯದಿದ್ದ ಮೇಲೆ ನೆನಪಿಟ್ಟುಕೊಳ್ಳುವುದೂ ಇಲ್ಲ.

ಹೊರಗೆ ಬಂದು ಕವಿಶೈಲದ ದಾರಿ ಹಿಡಿದಾಗ, 2015ರಲ್ಲಿ ಈ ಮನೆಗೆ ಕಳ್ಳರು ನುಗ್ಗಿ ಕವಿಗಳ ಪದ್ಮ ಪ್ರಶಸ್ತಿಯ ಪದಕಗಳನ್ನು ಕದ್ದೊಯ್ದ ಸಂಗತಿಯನ್ನು ನಾನು ಅತ್ತೆಯವರಿಗೆ ತಿಳಿಸಿದೆ. ಅವರು ಬಹಳ ನೊಂದುಕೊಂಡರು; ಆಮೇಲೆ ಸ್ವಲ್ಪ ಹೊತ್ತು ಯೋಚಿಸಿ, “ಬೀಸೋ ಕಲ್ಲು ಕದಿಯೋಕೆ ಕಳ್ಳನಿಗೂ ಸೊಂಟ ಗಟ್ಟಿ ಇರ್ಬೇಕಲ್ಲ,” ಎಂದರು. ರಕ್ಷಣಾವ್ಯವಸ್ಥೆಯ ವಿಷಯದಲ್ಲಿ ಇದಕ್ಕಿಂತ ಮೂಲಭೂತವಾದ ತತ್ತ್ವವನ್ನು ಯಾವ ತಜ್ಞರೂ ಹೇಳಲಾರರು.

ಊರಿಗೆ ಹಿಂದಿರುಗಿದ ಮೇಲೆ, ಸಮೀಪದ ಶಾಲೆಯೊಂದರ ಮೇಷ್ಟರು ರಾಜ್ಯೋತ್ಸವಕ್ಕಾಗಿ ಹಳೆಯ ವಸ್ತುಗಳ ಪ್ರದರ್ಶನವನ್ನು ಏರ್ಪಡಿಸಬೇಕೆಂದು ಸಂಕಲ್ಪಿಸಿದಾಗ, ಅತ್ತೆಯವರು ತಾವಾಗಿಯೇ ಮುಂದೆ ಬಂದುದರಲ್ಲಿ ಆಶ್ಚರ್ಯವಿಲ್ಲ. ಮೇಷ್ಟರ ಮೂಲ ಯೋಜನೆ ಮೇ 18ರಂದು, ಅಂತಾರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನದಂದು, ನಡೆಸುವುದಾಗಿತ್ತು. 1977ರಿಂದ ಲೋಕವೆಲ್ಲ ಆಚರಿಸುತ್ತಿರುವ ಈ ದಿನವನ್ನು ಗೊತ್ತುಮಾಡಿದ ಮಹನೀಯರಿಗೆ ಮಲೆನಾಡಿನ ಪರಿಚಯವಿರಲಿಲ್ಲವೆಂಬುದು ಸ್ಪಷ್ಟ. ಮಳೆ ಹಿಡಿಯುವುದರೊಳಗೆ ಸೌದೆ ಒಟ್ಟಬೇಕು, ಹಪ್ಪಳ ಒಣಗಬೇಕು, ಮಾಡಿನ ಹಂಚು ಕೈಯಾಡಿಸಬೇಕು ಎಂಬ ಆ ದಿನಗಳಲ್ಲಿ ಇಲ್ಲಿ ಭೂತಕಾಲವನ್ನು ವಿಚಾರಿಸಲು ಯಾರಿಗೂ ಬಿಡುವಿರುವುದಿಲ್ಲ. ಅದಲ್ಲದೆ ಶಾಲೆಗೆ ಆಗ ರಜ.

ಸ್ವಯಂಸೇವೆಯ ಕಷ್ಟಗಳಲ್ಲಿ ಅತ್ಯಂತ ಕಠಿನವಾದುದು ವಸ್ತುಗಳನ್ನು ಸಂಪಾದಿಸುವುದಲ್ಲ, ಬೇಡವೆನ್ನುವುದು. ಸುದ್ದಿ ಹರಡಿದ ಮರುದಿನದಿಂದಲೇ ಜನರು ತಮ್ಮ ಮನೆಯಲ್ಲಿ ತಮಗೆ ಅಡ್ಡಿಯಾಗಿದ್ದುದನ್ನೆಲ್ಲ ಇತಿಹಾಸಕ್ಕೆ ಧಾರೆಯೆರೆಯತೊಡಗಿದರು. ಕೆಟ್ಟ ಪಂಪಿನ ಭಾಗಗಳು ಬಂದುವು. ಕೈ ಮುರಿದ ಪ್ಲಾಸ್ಟಿಕ್ ಕುರ್ಚಿ ಬಂದಿತು. ಕೂಗುವುದನ್ನು ನಿಲ್ಲಿಸಿದ ರೇಡಿಯೋಗಳು ಎಷ್ಟು ಬಂದುವೆಂದರೆ, ಒಂದು ಕಾಲದಲ್ಲಿ ಈ ಹಳ್ಳಿಯಲ್ಲಿ ಮನುಷ್ಯರ ಮಾತು ಹೇಗೆ ಕೇಳಿಸುತ್ತಿತ್ತೋ ಎಂದು ನಾವು ಬೆರಗಾದೆವು. ಒಬ್ಬ ಯಜಮಾನರು ತಮ್ಮ ಮುದಿ ನಾಯಿಯನ್ನು ತೋರಿಸಿ, ಇದೂ ಹಳೆಯದೇ ಎಂದರು. ಇನ್ನು ನಿಜವಾಗಿ ಪ್ರದರ್ಶನಯೋಗ್ಯವಾದ ಹಿತ್ತಾಳೆ ಗಿಂಡಿ, ಚನ್ನೆಮಣೆ, ಅಡಕತ್ತರಿಗಳನ್ನು ಕೇಳಿದರೆ, ಅವು ಇನ್ನೂ ಉಪಯೋಗದಲ್ಲಿವೆಯೆಂದು ಹೇಳಿ ಒಳಗೆ ಬಚ್ಚಿಡುತ್ತಿದ್ದರು.

ಎರಡನೆಯ ಸಂಕಟ ಮೇಷ್ಟರಿಗೆ ಒದಗಿದುದು. ಪುರಾತನ ತಾಮ್ರದ ಮೇಲೆ ಕಾಲವು ಹೊದಿಸಿದ ಹಸುರುಗಪ್ಪು ಛಾಯೆಯನ್ನು ಹಾಗೆಯೇ ಉಳಿಸಬೇಕೆಂದು ಅವರು ಎಲ್ಲಿಯೋ ಓದಿದ್ದರು. ಆದರೆ ಸಾಮಾನುಗಳನ್ನು ಶಾಲೆಯಲ್ಲಿ ಇಳಿಸಿದ ಸಂಜೆ, ಅತ್ತೆಯವರ ನೇತೃತ್ವದಲ್ಲಿ ಬಂದ ಮಹಿಳಾ ಸ್ವಯಂಸೇವಕರ ತಂಡವು ಆ ಕಿಲುಬನ್ನು ನೋಡಿ, ಪರಊರಿನವರ ಮುಂದೆ ಊರಿನ ಮಾನ ಹೋಗುವುದೆಂದು ಹೌಹಾರಿ, ಹುಣಸೆಹಣ್ಣನ್ನೂ ಬೂದಿಯನ್ನೂ ತಂದು, ಕತ್ತಲಾಗುವುದರೊಳಗೆ ಒಂದೂವರೆ ಶತಮಾನವನ್ನು ತಿಕ್ಕಿ ತೊಳೆದುಬಿಟ್ಟಿತು. ಬೆಳಿಗ್ಗೆ ಮೇಷ್ಟರು ಬಂದು ನೋಡಿದಾಗ ಹಂಡೆಗಳು ನಿನ್ನೆ ಅಂಗಡಿಯಿಂದ ತಂದವುಗಳಂತೆ ಥಳಥಳಿಸುತ್ತಿದ್ದುವು. ಅವರು ಒಂದು ಮಾತನ್ನೂ ಆಡದೆ, ಚೀಟಿಯಲ್ಲಿ ‘ಪ್ರಾಚೀನ’ ಎಂದಿದ್ದ ಅಕ್ಷರಗಳನ್ನು ಇನ್ನೊಂದು ಸಲ ದಪ್ಪವಾಗಿ ತಿದ್ದಿದರು.

ಜನರನ್ನು ಇಂಥ ಸ್ಥಳಕ್ಕೆ ಆಕರ್ಷಿಸುವುದು ಹೇಗೆಂಬ ಚಿಂತೆ ಹೊಸದಲ್ಲ. ಮದರಾಸಿನ ವಸ್ತುಸಂಗ್ರಹಾಲಯ 1851ರಲ್ಲಿ ಆರಂಭವಾದಾಗ ಅದರ ಮೊದಲ ಅಧಿಕಾರಿಯಾಗಿದ್ದ, ಮುಂದೆ 1865ರಲ್ಲಿ ಬೆಂಗಳೂರಿನ ಸಂಗ್ರಹಾಲಯಕ್ಕೂ ನಾಂದಿ ಹಾಡಿದ ಎಡ್ವರ್ಡ್ ಬಾಲ್ಫೋರ್ ಎಂಬ ವೈದ್ಯನು, ಜೀವಂತ ಹುಲಿ ಚಿರತೆಗಳನ್ನು ಅಲ್ಲಿ ಇರಿಸಿದೊಡನೆ ಜನ ಮುಗಿಬಿದ್ದು ಬಂದರಂತೆ. ಈ ಉಪಾಯ ನಮಗೆ ಒದಗದು. ನಮ್ಮ ಕಡೆ ಚಿರತೆ ಕರೆಯದೆಯೇ ಕೊಟ್ಟಿಗೆಗೆ ಬರುತ್ತದೆ, ಅದನ್ನು ನೋಡಲು ಯಾರೂ ಚೀಟಿ ಕೊಳ್ಳುವುದಿಲ್ಲ. ನಮ್ಮ ಪ್ರದರ್ಶನದ ಹುಲಿಯಾದುದು ಬೇರೊಂದು: ಯಾರ ಮನೆಯಿಂದ ಬಂದಿತೋ ತಿಳಿಯದ, ಎರಡು ತೂತುಗಳೂ ಒಂದು ಬಾಗಿದ ಹಿಡಿಯೂ ಇದ್ದ ಮರದ ತುಂಡು. ಮೇಷ್ಟರು ಅದಕ್ಕೆ ‘ಅಜ್ಞಾತ ವಸ್ತು’ ಎಂದು ಚೀಟಿ ಬರೆದು ಮೂಲೆಯಲ್ಲಿಟ್ಟಿದ್ದರು. ಹತ್ತು ಗಂಟೆಯಾಗುವುದರೊಳಗೆ ಇಡೀ ಜನಸಂದಣಿ ಆ ಮೂಲೆಯಲ್ಲಿತ್ತು. ಅದು ಗಾಣದ ಭಾಗವೆಂದು ಒಬ್ಬರು. ಎತ್ತಿಗೆ ಔಷಧ ಕುಡಿಸುವ ಸಾಧನವೆಂದು ಮತ್ತೊಬ್ಬರು. ಮೀನು ಹಿಡಿಯುವ ಕೂಣಿಗೆ ಸಂಬಂಧಪಟ್ಟದ್ದೆಂದು ಹೊಳೆಯ ಬದಿಯವರು. ಕೇರಳದಿಂದ ಬಂದು ಇಲ್ಲಿ ರಬ್ಬರ್ ತೋಟ ಮಾಡಿ ನೆಲೆಸಿದ ಮನೆಯ ಅಜ್ಜಿಯೊಬ್ಬರು, ಇದು ತಮ್ಮ ತವರಿನಲ್ಲಿ ಇದ್ದೇ ಇತ್ತೆಂದು ಆಣೆಯಿಟ್ಟು ಹೇಳಿದರು. ಯಾವುದಕ್ಕೆಂದು ಕೇಳಿದರೆ, ಅದು ಮರೆತುಹೋಗಿದೆಯೆಂದರು. ಮೇಷ್ಟರು ಬುದ್ಧಿವಂತರು. ತಮ್ಮ ಚೀಟಿಯನ್ನು ಕಿತ್ತು, ಅಲ್ಲಿ ಒಂದು ನೋಟುಪುಸ್ತಕವನ್ನೂ ಪೆನ್ಸಿಲನ್ನೂ ಕಟ್ಟಿದರು. ಸಂಜೆಯ ಹೊತ್ತಿಗೆ ಆ ಪುಸ್ತಕದಲ್ಲಿ ಗಾಣದ ವಿಷಯ, ದನದ ರೋಗಗಳ ವಿಷಯ, ಮುಳುಗಿಹೋದ ಊರಿನ ಹೊಳೆಯ ಮೀನುಗಳ ವಿಷಯ ಇಷ್ಟು ತುಂಬಿಕೊಂಡಿತ್ತೆಂದರೆ, ಹೆಸರು ತಿಳಿದಿದ್ದ ಸಾಮಾನುಗಳೆಲ್ಲ ಸೇರಿದರೂ ಅದರ ಅರ್ಧದಷ್ಟು ವಿಷಯವನ್ನು ಹೊರಡಿಸಿರಲಿಲ್ಲ.

ವಿಸರ್ಜನೆಯ ಕಾಲದಲ್ಲಿ ಎರಡು ಮನೆಯವರು ಒಂದೇ ಗಿಂಡಿಯನ್ನು ತಮ್ಮದೆಂದರು. ಅಜ್ಞಾತ ವಸ್ತುವನ್ನು ಮಾತ್ರ ಯಾರೂ ತಮ್ಮದೆನ್ನಲಿಲ್ಲ. ಅದೀಗ ಶಾಲೆಯ ಕೊಠಡಿಯೊಂದರ ಬಾಗಿಲು ಗಾಳಿಗೆ ಬಡಿಯದಂತೆ ತಡೆಯುವ ಕೆಲಸದಲ್ಲಿದೆ. ಪ್ರಾಯಶಃ ಅದರ ಮೂಲ ಉದ್ಯೋಗವೂ ಅದೇ ಇದ್ದರೂ ಇರಬಹುದು.

ಮುಂದಿನ ವರ್ಷ ಪ್ರದರ್ಶನವನ್ನು ಇನ್ನೂ ದೊಡ್ಡದಾಗಿ ಮಾಡಬೇಕೆಂದು ಮೇಷ್ಟರು ಸಾಮಾನು ಕೇಳಲು ಮನೆಗೆ ಬಂದಿದ್ದರು. ಅತ್ತೆಯವರು ಷರತ್ತುಗಳನ್ನು ಹಾಕಿದ್ದಾರೆ. ಸಾಮಾನು ಹೋಗುವುದಾದರೆ ತಾವೂ ಹೋಗತಕ್ಕದ್ದು. ಕೂರಲು ಒರಗುವ ಕುರ್ಚಿ ಬೇಕು. ಹನ್ನೊಂದು ಗಂಟೆಗೆ ಕಾಫಿ ಬರಬೇಕು, ಅದು ಫ್ಲಾಸ್ಕಿನದಾಗಿರಬಾರದು. ಇಷ್ಟಕ್ಕೆಲ್ಲ ಮೇಷ್ಟರು ಸಂತೋಷದಿಂದ ಒಪ್ಪಿ ಏಳುತ್ತಿದ್ದಾಗ, “ಮತ್ತೆ, ಕುಪ್ಪಳಿಯಲ್ಲಿ ಸಿಕ್ಕಿದ ಆ ಅಜ್ಜೀನ ಕರೆಸಿ ಮಾರಾಯ್ರೆ, ಅವರಿಲ್ದೆ ನಾ ಒಬ್ಳೇ ಎಂತ ಮಾತಾಡ್ಲಿ?” ಎಂದರು. ಮೇಷ್ಟರು ಈಗ ಆ ಅಜ್ಜಿಯ ಹೆಸರು ವಿಳಾಸಗಳಿಗಾಗಿ ನನ್ನನ್ನು ಪೀಡಿಸುತ್ತಿದ್ದಾರೆ. ನನಗೆ ಅವೆರಡೂ ಗೊತ್ತಿಲ್ಲ. ತೀರ್ಥಹಳ್ಳಿಯ ಕಡೆ ವಿಚಾರಿಸುವುದಾದರೆ ಗುರುತಿಗೆ ಹೇಳಬಹುದಾದುದು ಇಷ್ಟೇ: ಮಜ್ಜಿಗೆಯನ್ನು ನಿಂತು ಕಡೆಯುವವರು.